ನಮ್ಮ ಅಂಗಡಿಗೆ ಪ್ರತಿಭಾವಂತರು ಬೇಕಾಗಿದ್ದಾರೆ

ಮನುಷ್ಯರನ್ನು ಅಳೆಯುವುದರಲ್ಲಿ ನನ್ನಷ್ಟು ಚತುರ ಇಳಕಲ್ಲಿನಲ್ಲಿ ಮತ್ತೊಬ್ಬನಿಲ್ಲ ಎಂದು ನಂಬಿದ್ದೆ. ಹಾಗಾಗಿ ನಮ್ಮ ಸೀರೆ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಸೀರೆ ತೋರಿಸುತ್ತಿದ್ದ ರಜಾಕ್‌ಸಾಬರು ಮೊಣಕಾಲು ನೋವೆಂದು ಕೆಲಸ ಬಿಟ್ಟಾಗ ನಾನೇನೂ ಎದೆಗುಂದಲಿಲ್ಲ.

"ಯಾರನ್ನ ತೊಗೋಬೇಕಂತ ರಜಾಕಣ್ಣನ್ನ ಕೇಳ್ರಿ," ಎಂದಳು ಹೆಂಡತಿ ಗಿರಿಜಾ.

"ಈಗೆಲ್ಲಾ ಹಂಗ ನಡಿಯೂದಿಲ್ಲ. ಇಂಟರ್‌ವ್ಯೂ ಮಾಡಬೇಕು!"

'ಪ್ರತಿಭಾವಂತರು ಬೇಕಾಗಿದ್ದಾರೆ' ಎಂದು ವಾಟ್ಸಾಪಿನಲ್ಲಿ ಹಾಕಿದೆ. ಒಂಬತ್ತು ಜನ ಬಂದರು. ಅಂಥ ಸೆಕೆಯಲ್ಲೂ ಮದುವೆಯ ಕೋಟು ತೊಟ್ಟು ಕುಳಿತೆ. ಗುಂಡಿ ಹಾಕಲು ಹೊಟ್ಟೆ ಒಪ್ಪಲಿಲ್ಲ.

ಗುಳೇದಗುಡ್ಡದಿಂದ ಮಹಾದೇವಿ ಎಂಬ ನಲವತ್ತರ ಹೆಂಗಸು ಬಂದಿದ್ದಳು. ಮನೆಯ ಮಗ್ಗದಲ್ಲಿ ಕುಪ್ಪಸದ ಖಣ ನೇಯುತ್ತ ಬೆಳೆದವಳು. "ನಿಮ್ಮ ದೌರ್ಬಲ್ಯ ಏನು?" ಎಂದು ಗಂಭೀರವಾಗಿ ಕೇಳಿದೆ.

"ಸುಳ್ಳು ಹೇಳಾಕ ಬರೂದಿಲ್ರಿ."

ವ್ಯಾಪಾರಕ್ಕೆ ಇದು ಭಾರೀ ಕೊರತೆ ಎಂದು ಬರೆದುಕೊಂಡು ಕಳಿಸಿಬಿಟ್ಟೆ!

ಅದೇ ಪ್ರಶ್ನೆಗೆ ಬಾಗಲಕೋಟೆಯ ಕಿರಣ, "ಅತಿಯಾದ ಪರಿಶ್ರಮವೇ ನನ್ನ ದೌರ್ಬಲ್ಯ ಸರ್," ಎಂದ. ಟೈ ಬೇರೆ ಕಟ್ಟಿದ್ದ. ತಕ್ಷಣ ನೇಮಿಸಿಕೊಂಡೆ.

ಮೂರನೆಯ ದಿನ ಹುನಗುಂದದಿಂದ ಮದುವೆ ಜವಳಿಗೆಂದು ಒಂದು ಜೀಪಿನ ತುಂಬ ಜನ ಬಂದರು. ಅಜ್ಜಿಯೊಬ್ಬಳು ಕೂರುತ್ತಲೇ, "ತೋಪ್ ತೆನಿ ತೋರ್ಸಪಾ," ಎಂದಳು. ಅದು ನಮ್ಮೂರ ಸೀರೆಯ ಸೆರಗಿನ ಹಳೆಯ ವಿನ್ಯಾಸ.

ಕಿರಣ ಕೈ ಮುಗಿದ. "ಕ್ಷಮಿಸಿ ಅಮ್ಮಾ, ತೆನೆ ಸಂತೆಯಲ್ಲಿ ಸಿಗುತ್ತದೆ. ನಮ್ಮಲ್ಲಿ ಸೀರೆ ಮಾತ್ರ!"

ಮಾನ ಉಳಿಸಿಕೊಳ್ಳಲು ನಾನೇ ಹಾರಿ ಬಂದು ಒಂದು ಸೀರೆ ಹರವಿದೆ. "ಇದ ನೋಡ್ರಿ, ಅಸಲಿ ತೋಪ್ ತೆನಿ."

ಅಜ್ಜಿ ಸೆರಗು ಮುಟ್ಟಿ ನೋಡಿದಳು. "ಇದು ಬರೇ ಗೀರಿನ ಸೆರಗು. ನಿಮ್ಮಪ್ಪ ಇದ್ದಿದ್ರ ಮೊದಲ ನಿನ್ನ ಕೆಲಸದಿಂದ ತಗೀತಿದ್ದ ನೋಡು."

ಜೀಪು ಹೋಯಿತು. ಒಂದು ಸೀರೆಯೂ ಮಾರಾಟವಾಗಲಿಲ್ಲ. ಹದಿನೆಂಟು ವರ್ಷ ನಾನು ಗಲ್ಲಾದ ಮೇಲೆ ಕುಳಿತಿದ್ದೆ. ಸೀರೆ ಬಲ್ಲವರು ರಜಾಕ್‌ಸಾಬರು. ಕೆಲಸ ಗೊತ್ತಿಲ್ಲದವನು ಕೆಲಸಗಾರರನ್ನು ಗುರುತಿಸುವುದು ಹೇಗೆ? ನನಗೆ ಬರುತ್ತಿದ್ದದ್ದು ಮಾತೊಂದೇ. ಮಾತುಗಾರನನ್ನೇ ಆರಿಸಿದ್ದೆ. ಪಾಪ, ಕಿರಣನದೇನು ತಪ್ಪು?

ಸಂಜೆ ರಜಾಕ್‌ಸಾಬರ ಮನೆಗೆ ಹೋದೆ. ಅವರು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಎಲ್ಲ ಕೇಳಿದರು. "ಗುಳೇದಗುಡ್ಡದ ಮಹಾದೇವೀನ್ನ ನಾನ ಕಳಿಸಿದ್ದೆ ಸಾವ್ಕಾರ್ರ. ಬಂದಿಲ್ಲೇನ್ರಿ?"

"ಬಂದಿದ್ದಳು" ಎನ್ನಲು ನನಗೆ ಎರಡು ಕಪ್ ಚಹಾ ಬೇಕಾಯಿತು.

ಮರುದಿನ ಗುಳೇದಗುಡ್ಡಕ್ಕೆ ಹೋದೆ. ಮಹಾದೇವಿ ಮಗ್ಗ ನಿಲ್ಲಿಸಲಿಲ್ಲ. "ನಂದ ತಪ್ಪಾತು, ಮಹಾದೇವಕ್ಕಾ. ಅಂಗಡಿಗೆ ಬರ್ರಿ," ಎಂದು ಆ ಸದ್ದಿನಲ್ಲಿ ಮೂರು ಸಲ ಕೂಗಿದೆ. ಪಕ್ಕದ ಮನೆಯವರಿಗೂ ನನ್ನ ತಪ್ಪು ಸ್ಪಷ್ಟವಾಗಿ ಕೇಳಿಸಿತು.

ಆಮೇಲೆ ಮಗ್ಗ ನಿಂತಿತು. "ಬರ್ತೇನ್ರಿ. ಖರೆ, ನಾ ಸೀರಿ ತೋರ್ಸೂವಾಗ ನೀವು ನಡಕ ಬಾಯಿ ಹಾಕಬಾರದ್ರಿ."

ಒಪ್ಪಿದೆ.

ಈಗ ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಮಹಾದೇವಿ ಅರ್ಧ ಗಂಟೆ ಪಾಠ ಹೇಳುತ್ತಾಳೆ. ವಿದ್ಯಾರ್ಥಿಗಳು ಇಬ್ಬರು: ಕಿರಣ ಮತ್ತು ನಾನು. ಹೋದ ವಾರ ಕೈಮಗ್ಗದ ಸೀರೆಯನ್ನೂ ಯಂತ್ರದ್ದನ್ನೂ ಬೆರೆಸಿಟ್ಟು ಬೇರೆ ಮಾಡಲು ಹೇಳಿದಳು. ಕಿರಣ ಪಾಸಾದ. ನಾನು ಮಾಲೀಕನೆಂಬ ಒಂದೇ ಕಾರಣಕ್ಕೆ ಕೆಲಸದಲ್ಲಿ ಉಳಿದಿದ್ದೇನೆ!