ಬಟ್ಟೆ ತಳದ ಶೂ

ಸಾಲ್ಸಾ ನೃತ್ಯದ ಶೂ ಆರಿಸುವ ವಿದ್ಯೆಯಲ್ಲಿ ಇಡೀ ಅಮೃತಹಳ್ಳಿಯಲ್ಲೇ ತನ್ನನ್ನು ಮೀರಿಸುವವರಿಲ್ಲ ಎಂದು ಮಧುಶ್ರೀ ಗಂಡನೆದುರು ಘೋಷಿಸಿದಳು. ಗಂಡ ಗಿರಿ, ಹೆಸರಿಗೆ ತಕ್ಕ ಬೆಟ್ಟ. ಅಲ್ಲಾಡದೆ ಕೇಳಿಸಿಕೊಂಡ.

ಮದುವೆಯ ಹೈಹೀಲ್ಸಿನಲ್ಲಿ ಕುಣಿದು ಅವಳ ಹಿಮ್ಮಡಿಗಳಲ್ಲಿ ಬೊಬ್ಬೆ ಎದ್ದಿದ್ದವು. ಭಾನುವಾರವೇ, ಗಂಡಹೆಂಡತಿ ಸಾಲ್ಸಾ ಕಲಿಯುತ್ತಿದ್ದ ಸಹಕಾರನಗರದ ಕ್ಲಾಸಿನಲ್ಲಿ ಮಾಸ್ಟರ್ ವಿಜಯಕುಮಾರ್ ವಾರ್ಷಿಕೋತ್ಸವದ ಕುಣಿತಕ್ಕೆ ಒಂದೇ ಒಂದು ಜೋಡಿಯನ್ನು ಆರಿಸುವವರಿದ್ದರು. ಬಿಡುವುದುಂಟೇ!

ಮೂರು ದಿನದ ಸಂಶೋಧನೆಯ ನಂತರ ಪಾದರಕ್ಷಾರತ್ನ ಮನೆಗೆ ಬಂತು: ಅಗಲವಾದ ಎರಡಿಂಚಿನ ಹೀಲ್, ಬೆರಳು ಉಸಿರಾಡುವಷ್ಟು ಜಾಗ, ಸಲೀಸಾಗಿ ತಿರುಗಲು ಬಟ್ಟೆಯಂಥ ಮೆದು ಚರ್ಮದ ತಳ. ಹಾಕಿಕೊಂಡು ನಡುಮನೆಯಲ್ಲಿ ಒಂದು ಸುತ್ತು ತಿರುಗಿದಳಷ್ಟೆ.

"ಮೆಟ್ಟು ಒಳೀಕ್ ಯಾಕ್ ತಂದೆ? ಒರಗೆ ಬುಡು!" ಅತ್ತೆ ಸೊಣ್ಣಮ್ಮ ಗುಡುಗಿದರು.

"ಅತ್ತೆ, ಇದನ್ನ ಹೊರಗೆ ಹಾಕೋ ಹಾಗೇ ಇಲ್ಲ! ತಳ ಹಾಳಾಗುತ್ತೆ. ಒಳಗೆ ಮಾತ್ರ."

"ಒರಗೆ ಆಕಂಗಿಲ್ಲ, ಒಳಗೆ ನಾನ್ ಬುಡಕಿಲ್ಲ. ತಲೆ ಮೇಲಿಕ್ಕೊಂಡು ಕುಣೀತೀಯ?"

ಮಧುಶ್ರೀ ಹಲ್ಲು ಕಚ್ಚಿಕೊಂಡು ಶೂಗಳನ್ನು ಚೀಲಕ್ಕೆ ತುರುಕಿದಳು.

ಶನಿವಾರ ಸಂಜೆ ಆಫೀಸಿನಿಂದ ಬಂದು ಚೀಲ ಎತ್ತಿದರೆ ಭಾರವೋ ಭಾರ! ಶೂಗಳ ತಳಕ್ಕೆ ಬೆರಳು ದಪ್ಪದ ಲಾರಿ ಟೈರು!

"ನಿಂಗ್ಯಾರೋ ಟೋಪಿ ಆಕವ್ರೆ ಕಣವ್ವ," ಎಂದರು ಅತ್ತೆ, ಗೆದ್ದವರಂತೆ. "ತಳಕ್ಕೆ ಬರೀ ಬಟ್ಟೆ ಮೆತ್ತವ್ರೆ! ರೈಲ್ವೆ ಗೇಟ್ ತಾವ ಮೆಟ್ಟು ರಿಪೇರಿಯೋನ ಕೈಲಿ ಗಟ್ಟಿ ಮಾಡಿಸ್ದೆ. ಈಗ ಬಾಗಲೂರ್ ಗಂಟ ನಡ್ಕೊಂಡೋಗು!"

ಸಿಟ್ಟು ನೆತ್ತಿಗೇರಿತು. ಅತ್ತೆಯ ಮೇಲೆ ಕೂಗುವಂತಿಲ್ಲ; ಗಂಡ ಇರುವುದು ಮತ್ತೇತಕ್ಕೆ?

"ಮನೇಲೇ ಇದ್ರಲ್ರೀ! ಬೇಡ ಅನ್ನೋಕೆ ಬಾಯಿರ್ಲಿಲ್ವಾ?"

"ಅಮ್ಮನ್ನ ಬೈಕಲ್ಲಿ ಕರ್ಕೊಂಡ್ ಹೋಗಿದ್ದೇ ನಾನು ಕಣೇ..."

ಗಿರಿಗೆ ಆಮೇಲೆ ಊಟ ಸಿಕ್ಕಿತು, ಮಾತು ಸಿಗಲಿಲ್ಲ.

ಬೊಬ್ಬೆಯ ಕಾಲು ಹೈಹೀಲ್ಸಿಗೆ ಹೋಗದೆ, ಭಾನುವಾರ ಟೈರುಗಳನ್ನೇ ಏರಿ ಕುಣಿಯಲು ನಿಂತಳು. ಎಂದಿನಂತೆ ಮುನ್ನುಗ್ಗಿದಳು, ಟೈರು ನೆಲ ಕಚ್ಚಿತು. ತಿರುಗಲು ಹೋದಳು, ಸೊಂಟ ತಿರುಗಿತು, ಪಾದ ಬರಲಿಲ್ಲ. ಗಿರಿ ಕೈಹಿಡಿದು ಜಗ್ಗಿದರಷ್ಟೇ ಒಂದು ಹೆಜ್ಜೆ. ಇಡೀ ಹಾಡು ಹೀಗೇ ಮುಗಿಯಿತು. ಅವಳ ಮುಖ ಕೆಂಡವಾಗಿತ್ತು.

ಮಾಸ್ಟರ್ ಚಪ್ಪಾಳೆ ತಟ್ಟಿದರು. "ಸೂಪರ್! ಇವರೇ ನಮ್ಮ ಜೋಡಿ!"

"ನಾನು ಒಂದು ಸುತ್ತೂ ತಿರುಗ್ಲಿಲ್ಲವಲ್ಲ ಸಾರ್!"

"ಪರವಾಗಿಲ್ಲ ಮೇಡಂ! ಸಾಲ್ಸಾದಲ್ಲಿ ಹೆಜ್ಜೆ ನಡೆಸೋದು ಗಂಡಸು. ಮೂರು ತಿಂಗಳಿಂದ ಪಾಪ ಅವರನ್ನ ದರದರ ಎಳ್ಕೊಂಡ್ ಓಡ್ತಿದ್ರಿ. ಇವತ್ತೇ ಮೊದಲ್ನೇ ಸಲ ಅವರಿಗೋಸ್ಕರ ಕಾದ್ರಿ!"

ಎಲ್ಲರಿಗಿಂತ ಜೋರಾಗಿ ನಕ್ಕವನು ಗಿರಿ.

ರೋಷದಿಂದ ಸರ್ರನೆ ತಿರುಗಿ ಹೊರಟುಹೋಗಬೇಕು ಅನ್ನಿಸಿತು ಮಧುಶ್ರೀಗೆ.

ಆದರೆ ತಿರುಗಬೇಕಲ್ಲ!