ಕಡಲಿಗೊಂದು ಚರಗ

ಸಮುದ್ರವನ್ನು ಮೊದಲ ಸಲ ಕಂಡವರು ಕೈಮುಗಿಯುತ್ತಾರೆ, ಇಲ್ಲವೇ ಕಣ್ಣರಳಿಸಿ ಸುಮ್ಮನಾಗುತ್ತಾರೆ. “ಇದಕ್ಕ ಒಡ್ಡು ಹಾಕಿಲ್ಲೇನು?” ಎಂದು ಕೇಳಿದವರು ಈ ಭೂಮಿಯ ಮೇಲೆ ನಮ್ಮ ಸೋದರಮಾವ ಒಬ್ಬರೇ ಇರಬೇಕು.

ಮಾವನ ಹೊಲ ಅಫಜಲಪುರ ತಾಲ್ಲೂಕಿನಲ್ಲಿ, ಸೊನ್ನದ ಹತ್ತಿರ, ಭೀಮಾ ನದಿಯ ದಂಡೆಗೆ. ಎರೆಮಣ್ಣು, ಬಿಳಿಜೋಳ. ಅದನ್ನು ಬಿಟ್ಟರೆ ಜಗತ್ತಿನಲ್ಲಿ ಇನ್ನೇನಾದರೂ ಇದ್ದರೆ ಅದೂ ಯಾರದೋ ಹೊಲವೇ ಎಂಬುದು ಅವರ ನಂಬಿಕೆ. ನನ್ನ ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಅವರು ಹಂದರದಡಿಯ ಮಣ್ಣನ್ನು ಚಿವುಟಿ ಮೂಸಿ ನೋಡಿದ್ದರು. ಆಮೇಲೆ ಬೀಗರ ಕಡೆ ತಿರುಗಿ, “ಇಂಥಾ ಛಲೋ ಮಣ್ಣ ಮದುವಿಗ್ಯಾಕ ಹಾಳ ಮಾಡಿದ್ರಿ? ಕಡ್ಲಿ ಬಿತ್ತಬೇಕಿತ್ತು” ಅಂದರು. ನನ್ನ ಹೆಂಡತಿ ಅದನ್ನು ಇನ್ನೂ ಮರೆತಿಲ್ಲ.

ಇಂಥ ಮನುಷ್ಯನ ಹೊಲವೇ ನೀರಿನ ಪಾಲಾಗುವುದಿತ್ತು. ಸೊನ್ನದಲ್ಲಿ ನದಿಗೆ ಬ್ಯಾರೇಜ್ ಕಟ್ಟುತ್ತಿದ್ದರು. ಗೇಟು ಇಳಿಸಿದರೆ ಸಾಕು, ಮಾವನ ಬಿಳಿಜೋಳ ಮುಳುಗಿ, ಮೂಲೆಯ ಬೇವಿನ ಗಿಡದ ಕೊರಳಿನವರೆಗೆ ನೀರು. ಆ ಬೇವಿನ ಬುಡದಲ್ಲೇ ನನ್ನ ಅಜ್ಜಿಯ, ಅಂದರೆ ಮಾವನ ಅವ್ವನ, ಸಮಾಧಿ. ನಮ್ಮ ಮಂದಿ ಸತ್ತವರನ್ನು ಸುಡುವುದಿಲ್ಲ, ಹೊಲದಲ್ಲಿ ಕೂಡಿಸಿ ಹೂಳುತ್ತಾರೆ. ಒಂದು ಹಿಡಿ ಮಣ್ಣು ತಂದು ಬೇರೆ ಕಡೆ ಗದ್ದುಗೆ ಕಟ್ಟಿಸು ಎಂದು ಊರ ಹಿರಿಯರು ಹೇಳಿದರು. “ಅವ್ವ ಎಂದೂ ಯಾರ ಮನೀಗೂ ವಸ್ತಿ ಹೋದಾಕಿ ಅಲ್ರಿ” ಎಂದು ಮಾವ ಮಾತು ಮುಗಿಸಿದರು.

ಆ ವರ್ಷದ ಎಳ್ಳ ಅಮಾವಾಸ್ಯೆಗೆ ಆ ಹೊಲದಲ್ಲಿ ಕಡೆಯ ಸಲ ಚರಗ ಚೆಲ್ಲಿದೆವು. ಅಂದು ಭೂಮಿತಾಯಿ ಬಸುರಿ ಎಂದು ಲೆಕ್ಕ. ಆಕೆಗೆ ಉಣ್ಣಿಸಿಯೇ ನಾವು ಉಣ್ಣಬೇಕು. ರೊಟ್ಟಿ, ಬಜ್ಜಿ, ಕಡುಬು ಕಲಸಿ “ಹುಲ್ಲುಲ್ಲಿಗೋ” ಎನ್ನುತ್ತ ಒಬ್ಬರು ಬೆಳೆಯ ಮೇಲೆ ಚೆಲ್ಲಿದರೆ, ಹಿಂದಿನವರು “ಸಲಾಂಬ್ರಿಗೋ” ಎಂದು ನೀರು ಚಿಮುಕಿಸಬೇಕು. ಮಾವ ಮುಂದೆ, ನಾನು ಹಿಂದೆ. ಜೇವರ್ಗಿಯಲ್ಲಿ ಮಾಸ್ತರನಾದರೂ ನನಗೆ ಈ ಹುದ್ದೆಯಿಂದ ಬಡ್ತಿ ಸಿಕ್ಕಿರಲಿಲ್ಲ.

ಅಂದು ಉಂಡ ಮೇಲೆ ಮಾವ ಯಾವ ಮಾತಿಗೂ ಬರಲೊಲ್ಲರು. ಅವರನ್ನು ಮಾತಿಗೆಳೆಯಲೆಂದು, ಭಟ್ಕಳದ ಕಡೆ ಸಮುದ್ರದೊಳಗೆ ಹವಳದ ದಿಬ್ಬಗಳಿವೆ, ನೋಡಲು ಕಲ್ಲು, ಆದರೆ ಜೀವವಿದೆ, ಬೆಳೆಯುತ್ತವೆ ಎಂದು ಪಾಠ ಒಪ್ಪಿಸಿದೆ.

“ನೀರಿನ ಅಡಿಗೆ ಬೆಳಿತಾವ?”

“ಹೌದು ಮಾವಾ.”

“ನೀ ನೋಡೀಯೇನು?”

“ಪುಸ್ತಕದಾಗ ನೋಡೇನಿ.”

“ಪುಸ್ತಕದಾಗ ಜ್ವಾಳಾನೂ ಛಂದ ಬೆಳಿತಾವ. ಶನಿವಾರ ಸೂಟಿ ಅದ ಇಲ್ಲೋ? ನಡಿ, ಹೋಗಿ ನೋಡೂಣು.”

ಶುಕ್ರವಾರ ಸಂಜೆ ಜೇವರ್ಗಿಯಲ್ಲಿ ಬಸ್ಸು ಹತ್ತಿದೆವು. ಮಾವನ ಬಳಿ ಎರಡು ಗಂಟು, ಒಂದು ಮುಚ್ಚಳದ ತಂಬಿಗೆ. ಬಿಳಿ ಗಂಟಿನಲ್ಲಿ ಕಡಕ್ ರೊಟ್ಟಿ, ಹಚ್ಚಿಕೊಳ್ಳಲು ಶೇಂಗಾ ಹಿಂಡಿ. ಕೆಂಪು ಗಂಟಿಗೆ ಕೈಹಾಕಿದರೆ, “ಅದು ನಿನಗಲ್ಲ” ಅಂದರು. ನೀರಡಿಸಿ ತಂಬಿಗೆ ಮುಟ್ಟಿದರೆ, “ಅದೂ ನಿನಗಲ್ಲ” ಅಂದರು. ನಾನು ಹುಬ್ಬಳ್ಳಿಯವರೆಗೆ ಬಾಯಾರಿಕೊಂಡೇ ಹೋದೆ.

ಭಟ್ಕಳದಲ್ಲಿ ನನ್ನ ಗೆಳೆಯನೊಬ್ಬ ಮಾಸ್ತರನಾಗಿದ್ದ. ಪಾಪ, ಉತ್ಸಾಹಿ. ಶನಿವಾರ ಮಧ್ಯಾಹ್ನವೇ ನಮ್ಮನ್ನು ಘಟ್ಟದ ಕಾಡಿಗೆ ಕರೆದೊಯ್ದ. ಆಕಾಶ ಕಾಣದಂಥ ಮರಗಳು, ಮರಕ್ಕೆ ಬಳ್ಳಿ, ಬಳ್ಳಿಗೆ ಪಾಚಿ. ಗೆಳೆಯ ತಲೆಯೆತ್ತಿ ಮೈಮರೆತು ನಿಂತ. ಮಾವ ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಯಾರ ಹೊಲರಿ ಇದು?”

“ಇದು ಕಾಡು, ಸರಕಾರದ್ದು.”

“ಅದಕ್ಕ ಮತ್ತ. ಒಂದು ದಿನಾನೂ ಕಳೆ ತಗದಿಲ್ಲ.”

ಸ್ವಲ್ಪ ದೂರ ಹೋಗುವುದರೊಳಗೆ ಮಾವನ ಕಾಲಿಗೆ ಉಂಬಳ ಹತ್ತಿತು. ಗೆಳೆಯ ಗಾಬರಿಯಾಗಿ ಸುಣ್ಣ ತಂದ. ಮಾವ ತಡೆದರು. “ಇರ್ಲಿ ಬಿಡ್ರಿ. ಅವರ ಹೊಲಕ್ಕ ನಾವು ಬಂದೀವಿ, ಉಣ್ಣಲಿ.” ಉಂಬಳ ಉಂಡು ತಾನಾಗಿಯೇ ಬಿದ್ದುಹೋಯಿತು. ಆ ಪ್ರವಾಸದಲ್ಲಿ ಹೊಟ್ಟೆ ತುಂಬ ಉಂಡದ್ದು ಅದೊಂದೇ ಎಂದು ರಾತ್ರಿ ಗೊತ್ತಾಯಿತು. ಗೆಳೆಯನ ಮನೆಯ ಅನ್ನವನ್ನು ಮಾವ ‘ನಾಷ್ಟಾ’ ಎಂದು ಮುಗಿಸಿ, ಊಟಕ್ಕೆಂದು ಬಿಳಿ ಗಂಟು ಬಿಚ್ಚಿದರು. ಮುರಿದರೆ ಪಟ್ಟೆನ್ನಬೇಕಾದ ಕಡಕ್ ರೊಟ್ಟಿ ಕಡಲ ಗಾಳಿಗೆ ಒದ್ದೆ ಅರಿವೆಯಂತೆ ಜೋತುಬಿತ್ತು. ಮಾವ ಅದನ್ನು ಎತ್ತಿ ಹಿಡಿದರು.

“ರೊಟ್ಟಿನೇ ಮೆತ್ತಗಾಗ್ತಾವ ಅಂದಮ್ಯಾಲ ಇಲ್ಲಿ ಮಂದಿ ಹ್ಯಾಂಗ ಗಟ್ಟಿ ಇದ್ದಾರು?” ಎಂದು ಗೆಳೆಯನನ್ನೇ ಕೇಳಿದರು. ಅವನು ನಕ್ಕ. ಮಾವ ನಗಲಿಲ್ಲ.

ಭಾನುವಾರ ಬೆಳಿಗ್ಗೆ ಮೀನುಗಾರರ ದೋಣಿಯಲ್ಲಿ ನೇತ್ರಾಣಿ ದ್ವೀಪದ ಕಡೆ ಹೊರಟೆವು. ನನ್ನ ಹೊಟ್ಟೆಯೊಳಗಿನದೆಲ್ಲ ಬಾಯಿಗೆ ಬಂತು. ಮಾವ ಮಾತ್ರ ಎತ್ತಿನ ಗಾಡಿಯಲ್ಲಿ ಕುಂತವರಂತೆ ಕುಂತಿದ್ದರು. ಒಂದು ತೊಡೆಯ ಮೇಲೆ ಕೆಂಪು ಗಂಟು, ಇನ್ನೊಂದರ ಮೇಲೆ ತಂಬಿಗೆ. ನಡುವೆ ಒಮ್ಮೆ ಬೆರಳದ್ದಿ ಸಮುದ್ರವನ್ನು ನೆಕ್ಕಿ ನೋಡಿ, “ಸವಳು” ಎಂದು ತೀರ್ಪು ಕೊಟ್ಟರು.

ದ್ವೀಪದ ಹತ್ತಿರ ನೀರು ತಿಳಿಯಾಯಿತು. ದೋಣಿಯವನು ತಳಕ್ಕೆ ಗಾಜು ಕೂಡಿಸಿದ ಒಂದು ಡಬ್ಬಿ ಕೊಟ್ಟ. ಅದನ್ನು ನೀರಿಗೆ ಒತ್ತಿ ಒಳಗೆ ಇಣುಕಬೇಕು. ಮಾವ ತಲೆಯ ಪಟಗ ತೆಗೆದಿಟ್ಟು ಬಾಗಿದರು. ಬಾಗಿದವರು ಏಳಲಿಲ್ಲ. ಒಡ್ಡು, ಕಳೆ, ಗೊಬ್ಬರ, ಯಾವ ಮಾತೂ ಬರಲಿಲ್ಲ.

“ಏನು ಕಾಣ್ತದ ಮಾವಾ?”

“ಗಿಡಾ ಅವ. ಕಲ್ಲಿನ ಗಿಡಾ. ಅದರಾಗ ಹಳದಿ ಮೀನಾ, ನೀಲಿ ಮೀನಾ, ಹಿಂಡುಗಟ್ಲೆ ಅಡ್ಡಾಡಾಕತ್ಯಾವ.” ತಲೆ ಎತ್ತಿದಾಗ ಮುಖ ತುಂಬ ನೀರು. ಡಬ್ಬಿಯ ನೀರಿರಬೇಕು ಎಂದುಕೊಂಡೆ.

“ಅವ್ವಗ ಕತ್ತಲಂದ್ರ ಅಂಜಿಕಿಲೇ. ಕಂದೀಲ ಸಣ್ಣದು ಮಾಡಿದ್ರೂ ಬೈತಿದ್ಲು. ನೀರಿನ ಅಡಿಗೆ ಒಬ್ಬಾಕೀನೇ ಹ್ಯಾಂಗ ಇರ್ತಾಳ ಅಂತ ನನಗ ನಿದ್ದಿ ಇರಲಿಲ್ಲ.” ಮತ್ತೊಮ್ಮೆ ನೀರಿನ ಕಡೆ ನೋಡಿದರು. “ಬೆಳಕ ಅದ. ಮಂದಿನೂ ಅದ.”

ಭೀಮೆಯ ಕೆಸರು ನೀರಿನಲ್ಲಿ ಗೇಣುದ್ದವೂ ಕಾಣುವುದಿಲ್ಲ, ಅಲ್ಲಿ ಹವಳವೂ ಬೆಳೆಯುವುದಿಲ್ಲ. ಹುಡುಗರು ಇಂಥ ತಪ್ಪು ಬರೆದರೆ ನಾನು ಕೆಂಪು ಮಸಿಯಲ್ಲಿ ಗೀಟು ಎಳೆಯುವವನು. ಅಂದು ಗೀಟು ಎಳೆಯಲಿಲ್ಲ.

ಮಾವ ಕೆಂಪು ಗಂಟು ಬಿಚ್ಚಿದರು. ಅಮಾವಾಸ್ಯೆಯ ದಿನ ಎತ್ತಿಟ್ಟಿದ್ದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಅವೂ ಮೆತ್ತಗಾಗಿದ್ದವು. ಚೂರು ಮಾಡಿ ಅಂಗೈಯಲ್ಲಿ ಹಿಡಿದು, ಓಲಾಡುವ ದೋಣಿಯಲ್ಲಿ ಎದ್ದು ನಿಂತು, “ಹುಲ್ಲುಲ್ಲಿಗೋ” ಎಂದು ಕೂಗಿ ಚೆಲ್ಲಿದರು. ಹಳದಿ, ನೀಲಿ ಮೀನುಗಳೆಲ್ಲ ಮೇಲಕ್ಕೆ ನುಗ್ಗಿ ಬಂದವು. ದೋಣಿಯವನು ಹುಟ್ಟು ಬಿಟ್ಟು ನೋಡುತ್ತ ಕುಂತ.

“ಏನ್ ನೋಡ್ತೀಯಲೇ, ನೀರ ಚಿಮಕ್ಸು.”

“ಸುತ್ತೆಲ್ಲಾ ನೀರೇ ಅದಲ್ಲ ಮಾವಾ.”

“ಇದು ಸವಳು. ತಂಬಿಗ್ಯಾಗ ಭೀಮಿ ನೀರ ಅದ, ತಗೋ.”

ನಾನು “ಸಲಾಂಬ್ರಿಗೋ” ಎಂದು ಸಮುದ್ರಕ್ಕೆ ನೀರು ಚಿಮುಕಿಸಿದೆ. ದನಿ ಸಣ್ಣಗೇ ಹೊರಟಿತು. “ಜೋರಾಗಿ ಅನ್ನು,” ಅಂದರು ಮಾವ, “ಅಕಿಗೆ ಕಿವಿ ಮಂದ.”

ಗೇಟು ಇಳಿಯಿತು. ಹೊಲ ಮುಳುಗಿತು, ಬೇವಿನ ತುದಿಯಷ್ಟೇ ಉಳಿಯಿತು. ಈಗಲೂ ಎಳ್ಳ ಅಮಾವಾಸ್ಯೆಗೆ ನಾವು ಆ ನೀರಿನ ದಂಡೆಗೆ ಹೋಗುತ್ತೇವೆ. ನೀರಿಗೆ ನೀರು ಚಿಮುಕಿಸುವ ಮಾಸ್ತರನನ್ನು ಕಂಡು ಹಾದಿಯ ಮಂದಿ ನಗುತ್ತಾರೆ. ಮಾವ ಮುಂದೆ, ನಾನು ಹಿಂದೆ. ಅಜ್ಜಿಗೆ ಕೇಳಿಸಲೆಂದು ನಾನು ಜೋರಾಗಿಯೇ ಕೂಗುತ್ತೇನೆ.