ಕೆಂಪವ್ವನಿಗೆ ಉಡಿ ತುಂಬಿದ್ದು

ಲಂಡನ್ನಿನ ಕೆಂಟನ್ ಬಡಾವಣೆಯ ನಮ್ಮ ಮನೆಯಲ್ಲಿ ನನಗೊಬ್ಬ ಸವತಿ ಇದ್ದಳು. ಹೆಸರು ಕೆಂಪವ್ವ. ತವರು ಅಮೆರಿಕ. ವಯಸ್ಸಿನಲ್ಲಿ ನನಗಿಂತ ದೊಡ್ಡವಳು, ಆದರೂ ಮೈಯೆಲ್ಲ ಮಿರಮಿರ. (ಮಿರುಗದೆ ಏನು? ನನ್ನ ಹೊಸ ಟವೆಲ್ಲುಗಳೆಲ್ಲ ಅವಳ ಮೈ ಒರೆಸಿಯೇ ಸತ್ತವು.)

ಕೆಂಪವ್ವ ಅಂದರೆ ಕಾರು. ಹಳೇ ಕಾಲದ ಮಸಲ್ ಕಾರು ಅನ್ನುತ್ತಾರೆ. ಮೂತಿ ಉದ್ದ, ಎದೆ ಅಗಲ, ತೊಡೆ ತಟ್ಟಿದ ಹಾಗೆ ಸದ್ದು. ನಮ್ಮ ವಿಜಯಪುರದ ಕಡೆಯ ಮಾತಿನಲ್ಲಿ ಪೈಲ್ವಾನ್ ಗಾಡಿ. ನಮ್ಮ ಯಜಮಾನರು ಮಲ್ಲಪ್ಪ, ಪಾರ್ಕ್ ರಾಯಲ್‌ನ ಬ್ರೆಡ್ ಫ್ಯಾಕ್ಟರಿಯಲ್ಲಿ ಮಷಿನ್ ರಿಪೇರಿ ಮಾಡುತ್ತಿದ್ದರು. ವಾರವೆಲ್ಲ ಮಷಿನ್ ರಿಪೇರಿ, ಭಾನುವಾರ ಕೆಂಪವ್ವನ ರಿಪೇರಿ. ನಾನು ಸವತಿ ಅಂದರೆ ಅವರು, “ಹಂಗ ಅನಬ್ಯಾಡ ಗುರುದೇವಿ, ಮಗಳು ಅನ್ನು” ಅನ್ನುತ್ತಿದ್ದರು.

ಅಮೆರಿಕದ ಗಾಡಿಗೆ ಸ್ಟೀರಿಂಗ್ ಎಡಗಡೆ. ಲಂಡನ್ನಿನಲ್ಲಿ ಎಲ್ಲರಿಗೂ ಬಲಗಡೆ. ಹಾಗಾಗಿ ಬಲಗಡೆ ಕೂತ ನನ್ನನ್ನೇ ಜನ ಡ್ರೈವರ್ ಅಂದುಕೊಳ್ಳುತ್ತಿದ್ದರು. ಹ್ಯಾರೋದ ಗುಡಿಯ ಹೆಂಗಸರು ಕಣ್ಣು ಬಿಟ್ಟು ನೋಡುತ್ತಿದ್ದರು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಗುರುದೇವಿ ಪೈಲ್ವಾನ್ ಗಾಡಿ ಓಡಿಸುತ್ತಾಳೆ! ನಾನು ಇಲ್ಲ ಅನ್ನಲಿಲ್ಲ. ಮುಂದೆ ನೋಡುತ್ತಾ ಗಂಭೀರವಾಗಿ ಕೂರುತ್ತಿದ್ದೆ.

ಹೋದ ಚಳಿಗಾಲದಲ್ಲಿ ಯಜಮಾನರು ಹೋದರು. ಆಸ್ಪತ್ರೆಯವರು ಕೈಬಿಟ್ಟ ಮೇಲೆ ಅವರನ್ನು ಹಾಸ್ಪಿಸ್‌ನಲ್ಲಿ ಇಟ್ಟುಕೊಂಡಿದ್ದರು. ವಾಸಿಯಾಗದವರನ್ನು ಕೊನೆಯವರೆಗೂ ನೋವಾಗದಂತೆ ನೋಡಿಕೊಳ್ಳುವ ಜಾಗ ಅದು. ದುಡ್ಡು ಕೇಳುವುದಿಲ್ಲ. ಅಲ್ಲಿಯ ಹೆಲೆನ್ ಅನ್ನುವ ನರ್ಸು ಅವರ ಮಂಚವನ್ನು ಕಿಟಕಿಗೆ ತಿರುಗಿಸಿ, ಕಿಟಕಿಯ ಕೆಳಗೆ ಕೆಂಪವ್ವನನ್ನು ನಿಲ್ಲಿಸಲು ಬಿಟ್ಟಳು. ಇವರು ಮಲಗಿದಲ್ಲೇ ಮಗಳನ್ನು ನೋಡುತ್ತಿದ್ದರು. ಒಂದು ದಿನ ನನ್ನ ಕೈ ಹಿಡಿದು, “ಕೆಂಪವ್ವನ್ನ ಈ ಹಾಸ್ಪಿಸ್‌ನವರಿಗೆ ಕೊಟ್ಟುಬಿಡು” ಅಂದರು.

ಕೇಳಿಸಿಕೊಂಡವಳು ನಾನೊಬ್ಬಳೇ. ಅಲ್ಲೇ ತೊಂದರೆ ಶುರುವಾಯಿತು.

“ಮಮ್, ನೋ ವೇ! ಡ್ಯಾಡ್ ನನಗೇ ಡ್ರೈವ್ ಮಾಡೋಕೆ ಕೊಡ್ತಿರಲಿಲ್ಲ. ಇಟ್ಸ್ ಎ ಕ್ಲಾಸಿಕ್!” ಅಂದ ಮಗ ನಿತೀಶ.

ನರಸಿಂಹಮೂರ್ತಿಯವರು ಯಜಮಾನರ ಗೆಳೆಯರು, ಬೆಂಗಳೂರಿನ ಕಂಪ್ಯೂಟರ್ ಮಂದಿ. ಭಾನುವಾರ ಸ್ಪ್ಯಾನರ್ ಕೊಡಲು ಬಂದು ನನ್ನ ರೊಟ್ಟಿ ತಿಂದು ಹೋಗುತ್ತಿದ್ದವರು. ಹಾಸ್ಪಿಸ್ ಕಿಟಕಿಯ ಕೆಳಗೆ ಕೆಂಪವ್ವನನ್ನು ಒಯ್ದು ನಿಲ್ಲಿಸಿದವರೂ ಅವರೇ. ಅವರೂ ಬಂದರು.

“ಗುರುದೇವಮ್ಮ, ಮಲ್ಲಪ್ಪನವರು ಹಾಗೆ ಹೇಳಿರೋಕೆ ಸಾಧ್ಯಾನೇ ಇಲ್ಲ. ಔಷಧಿ ಮಂಪರು. ಗಾಡಿ ನನಗೆ ಬಿಡಿ, ಕಣ್ಣಿಟ್ಟು ನೋಡ್ಕೋತೀನಿ.”

“ನೀವು ಕಣ್ಣಿಟ್ಟು ಭಾಳ ವರ್ಷ ಆತು ಮೂರ್ತಿಯವರ. ನನಗ ಗೊತ್ತೈತಿ.”

“ಅಲ್ಲ, ಹೇಳಿದ್ದಕ್ಕೆ ಸಾಕ್ಷಿ ಬೇಡವಾ?”

“ಗಂಡ ಹೆಂಡ್ತಿ ಮಾತಿಗೆ ಸಾಕ್ಷಿ ಯಾಕ ಬೇಕ್ರಿ? ಅವರು ಹೇಳಿದ್ರು, ನಾ ಕೇಳಿದೆ. ಮುಗೀತು.”

ಬಾಯಿ ಜೋರಿತ್ತು. ಒಳಗೆ ಹೆದರಿಕೆಯಿತ್ತು. ಅವರ ಕೊನೆಯ ಮಾತು ನನ್ನ ಕೈಯಲ್ಲಿತ್ತು. ಅದೊಂದು ನಡೆಯದೆ ಹೋದರೆ ಅವರು ನನಗೆ ಏನನ್ನೂ ಹೇಳದೆ ಹೋದ ಹಾಗೇ ಆಗುತ್ತಿತ್ತು. ಅದಲ್ಲದೆ ಗ್ಯಾರೇಜಿಗೆ ಹೋದಾಗಲೆಲ್ಲ ಅವರ ಮೈಯ ಗ್ರೀಸಿನ ವಾಸನೆ. ಕಣ್ಣಲ್ಲಿ ನೀರು. ಯಾರಾದರೂ ಕೇಳಿದರೆ ಪೆಟ್ರೋಲ್ ಹೊಗೆ ಅನ್ನುತ್ತಿದ್ದೆ. (ಗಾಡಿ ತಿಂಗಳುಗಟ್ಟಲೆ ಶುರುವೇ ಆಗಿರಲಿಲ್ಲ.)

ಇನ್ನೊಂದು ಕಾರಣವೂ ಉಂಟು. ರೊಟ್ಟಿ. ಜೋಳದ ರೊಟ್ಟಿ ಹೆಂಚಿನ ಮೇಲೆ ಸುಟ್ಟರೆ ತುಸು ಹೊಗೆ ಏಳುತ್ತದೆ. ಈ ದೇಶದ ಸ್ಮೋಕ್ ಅಲಾರಂಗೆ ಅಷ್ಟು ಸಾಕು, ಮನೆಗೆ ಬೆಂಕಿ ಬಿತ್ತೆಂದು ಬಡಕೊಳ್ಳುತ್ತದೆ. ಒಂದು ಕೈಯಲ್ಲಿ ರೊಟ್ಟಿ, ಒಂದು ಕೈಯಲ್ಲಿ ಟವೆಲ್ ಬೀಸುವುದು, ಇದೇ ನನ್ನ ಲಂಡನ್ ಸಂಸಾರ. ಗ್ಯಾರೇಜಿನಲ್ಲಿ ಅಲಾರಂ ಇಲ್ಲ. ಸವತಿ ಹೋದರೆ ಅಲ್ಲಿ ಒಲೆ ಹೂಡಬಹುದು. ಪುಣ್ಯಕ್ಕೆ ಪುಣ್ಯ, ರೊಟ್ಟಿಗೆ ರೊಟ್ಟಿ.

ಒಬ್ಬಳೇ ಬಸ್ ಹತ್ತಿ ಹಾಸ್ಪಿಸ್‌ಗೆ ಹೋದೆ. ಹೆಲೆನ್ ಎದುರು ನಿಂತು, “ಮಲ್ಲಪ್ಪ ಕಾರ್. ಯು ಟೇಕ್. ಫ್ರೀ,” ಅಂದೆ. ಅವಳು ನನ್ನನ್ನು ಅಪ್ಪಿಕೊಂಡು ಅತ್ತಳು. ಇಂಗ್ಲಿಷಿನಲ್ಲಿ ನಾನು ಮಾಡಿದ ಅತಿ ದೊಡ್ಡ ಭಾಷಣ ಅದು, ಯಶಸ್ವಿಯಾಯಿತು. ಅಳುವ ನರ್ಸಿನ ಮುಂದೆ ನಿತೀಶನ ಕ್ಲಾಸಿಕ್ಕೂ ನಡೆಯಲಿಲ್ಲ. ಕಾಗದಪತ್ರವನ್ನು ಮುಖ ಊದಿಸಿಕೊಂಡೇ ಮಾಡಿಕೊಟ್ಟ.

ಕೆಂಪವ್ವನನ್ನು ಕಳಿಸುವ ದಿನ ಬಂತು. ಹಾಸ್ಪಿಸ್‌ನವರು ಹೊತ್ತೊಯ್ಯುವ ಲಾರಿ ಕಳಿಸುತ್ತೇವೆ ಅಂದರು. ನಾನು ಬೇಡ ಅಂದೆ. ಹೆಣ್ಣುಮಗಳು ಮನೆ ಬಿಡುವಾಗ ತನ್ನ ಕಾಲ ಮೇಲೆ ನಡೆದು ಹೋಗಬೇಕು. ಓಡಿಸಲು ಮೂರ್ತಿಯವರನ್ನೇ ಕರೆದೆ. ಮುಖ ಸಣ್ಣದು ಮಾಡಿಕೊಂಡು ಬಂದರು. ಕೀಲಿ ತಿರುವಿದರು. ಕೆಂಪವ್ವ ಕೆಮ್ಮಿದಳು, ಸುಮ್ಮನಾದಳು. ನಿತೀಶ ತನ್ನ ಗಾಡಿಯ ಬ್ಯಾಟರಿಯಿಂದ ವೈರ್ ಹಚ್ಚಿದ. ಮತ್ತೆ ಕೆಮ್ಮು.

“ನೋಡಿದ್ರಾ? ಅವಳಿಗೂ ಇಷ್ಟ ಇಲ್ಲ,” ಅಂದರು ಮೂರ್ತಿ, ಖುಷಿಯಾಗಿ.

ಅವಳು ಯಾಕೆ ಹೊರಡುತ್ತಿಲ್ಲ ಅಂತ ನನಗೆ ಹೊಳೆಯಿತು. ಬರಿಗೈಲಿ ಕಳಿಸುತ್ತಿದ್ದೆವು! ಒಳಗೆ ಓಡಿ ತಾಟಿನಲ್ಲಿ ಅಕ್ಕಿ, ಒಣಕೊಬ್ಬರಿ, ಉತ್ತತ್ತಿ, ಅಡಿಕೆ, ಅರಿಶಿನ ಕೊಂಬು, ಮೇಲೊಂದು ಹಸಿರು ರವಿಕೆಯ ಖಣ ಇಟ್ಟು ತಂದೆ. ಪಕ್ಕದ ಬೀದಿಯ ವಿಶಾಲಾಕ್ಷಿ, ಧಾರವಾಡದಾಕೆ, ಬಾಗಿಲಲ್ಲೇ ಅಡ್ಡ ಬಂದಳು.

“ಏನ ಮಾಡಾಕತ್ತೀ?”

“ಉಡಿ ತುಂಬಾಕತ್ತೀನಿ.”

“ಹುಚ್ಚವ್ವಾ! ಮುತ್ತೈದೇರು ತುಂಬಬೇಕು. ನೀ ತುಂಬಬಾರದು.”

ಮಾತು ನೆಟ್ಟಗೆ ಎದೆಗೆ ಬಂತು. ನುಂಗಲಿಲ್ಲ.

“ಅಕ್ಕಾ, ಇದು ಗಾಡಿ ಅಂದ್ರ ಗಾಡಿಗೆ ಎಲ್ಲಿ ಶಾಸ್ತ್ರ? ಮಗಳು ಅಂದ್ರ ಅವಳ ಅವ್ವ ನಾನಽ. ಯಾವದು ಹೇಳು.”

ವಿಶಾಲಾಕ್ಷಿ ಬಾಗಿಲು ಬಿಟ್ಟು ಸರಿದಳು. ಆಮೇಲೆ ತಾಟಿಗೆ ಎರಡು ಅಡಿಕೆ ತಾನೂ ಹಾಕಿದಳು.

ಗಾಡಿಗೆ ಉಡಿ ಎಲ್ಲಿ, ಮಡಿಲು ಎಲ್ಲಿ? ಬಾನೆಟ್ ತೆಗೆದರೆ ಎಂಜಿನ್ನು. ನಾನು ಕೂರುತ್ತಿದ್ದ ಬಲಗಡೆ ಸೀಟಿನ ಮೇಲೆ ಖಣ ಹಾಸಿ, ಅಕ್ಕಿ ಸುರಿದು ಗಂಟು ಕಟ್ಟಿ, ಸೀಟ್ ಬೆಲ್ಟ್ ಬಿಗಿದೆ. “ಹೋಗಿ ಬಾ ಮಗಳಽ,” ಅಂದೆ. ಬಾಯಿತಪ್ಪಿ ಬಂದದ್ದಲ್ಲ. ಮೊದಲ ಸಲ ಅಂದದ್ದು, ಅಷ್ಟೇ.

ನಮ್ಮಲ್ಲಿ ಉಡಿ ತುಂಬಿಸಿಕೊಂಡವಳು ಹೊರಡುವ ಮೊದಲು ಅದರಿಂದ ಒಂದು ಹಿಡಿ ಅಕ್ಕಿ ತೆಗೆದು ತವರಿಗೆ ಮರಳಿ ಹಾಕುತ್ತಾಳೆ. ಮತ್ತೆ ಬರುತ್ತೇನೆ ಅಂತ ಅದರ ಅರ್ಥ. ಗಾಡಿಗೆ ಕೈಯಿಲ್ಲ. ರೂಢಿಯಂತೆ ನಾನೇ ಅವಳ ಪರವಾಗಿ ಗಂಟು ಸಡಿಲಿಸಿ ಒಂದು ಹಿಡಿ ತೆಗೆದು ತಾಟಿಗೆ ಹಾಕಿದೆ. ಯೋಚಿಸಲಿಲ್ಲ.

ಮೂರ್ತಿ ಕೀಲಿ ತಿರುವಿದರು. ಗುಡುಗಿತು! ಬೀದಿಯಲ್ಲಿ ನಿಂತಿದ್ದ ಗಾಡಿಗಳ ಅಲಾರಂಗಳು ಒಟ್ಟಿಗೇ ಕೂಗಿಕೊಂಡವು, ಎದುರು ಮನೆಯ ಬೆಕ್ಕು ಬೇಲಿ ಹಾರಿತು. ಕೆಂಪವ್ವ ಮಹಾರಾಣಿಯಂತೆ ತಿರುವು ದಾಟಿ ಹೋದಳು. ನಿತೀಶ ನನ್ನ ಹೆಗಲ ಮೇಲೆ ಕೈ ಹಾಕಿ, “ಓಕೆ ಮಮ್. ಡ್ಯಾಡ್ ಹೇಳಿರಬೇಕು,” ಅಂದ. ಗೆದ್ದೆ.

ಮರುದಿನವೇ ಗ್ಯಾರೇಜಿನಲ್ಲಿ ಒಲೆ ಬಂತು. ಹೆಂಚು ಬಂತು. ರೊಟ್ಟಿ ಬಡಿದೆ, ಹೊಗೆ ಎದ್ದಿತು, ಯಾರೂ ಬಡಕೊಳ್ಳಲಿಲ್ಲ. ಅಂಥ ರೊಟ್ಟಿ ಈ ದೇಶಕ್ಕೆ ಬಂದ ಮೇಲೆ ತಿಂದಿರಲಿಲ್ಲ. ವಾರಗಟ್ಟಲೆ ಆ ರಾಜ್ಯ ಆಳಿದೆ.

ಒಂದು ಭಾನುವಾರ ಹಿಟ್ಟು ಕಲಸುತ್ತಿದ್ದೆ. ದೂರದಲ್ಲಿ ಗುಡುಗಿತು. ಮಳೆಯಲ್ಲ, ಗೊತ್ತಿತ್ತು. ಬೀದಿಯ ಅಲಾರಂಗಳು ಸ್ವಾಗತ ಹಾಡಿದವು.

ಎಡಗಡೆ ಸ್ಟೀರಿಂಗ್ ಹಿಡಿದವರು ಮೂರ್ತಿ. ಹಿಂದೆ ಹೆಲೆನ್. ಬಲಗಡೆ ನನ್ನ ಸೀಟಿನಲ್ಲಿ ಕಂಬಳಿ ಹೊದ್ದ ಇಂಗ್ಲಿಷ್ ಮುದುಕ. ತಲೆಯಲ್ಲಿ ಕೂದಲಿಲ್ಲ, ಮೈಯಲ್ಲಿ ಮಾಂಸವಿಲ್ಲ. ಆದರೆ ಎರಡೂ ಕೈ ಮುಂದೆ ಚಾಚಿ, ಇಲ್ಲದ ಸ್ಟೀರಿಂಗ್ ತಿರುವುತ್ತಾ, ಬೀದಿಯವರಿಗೆಲ್ಲ ತಾನೇ ಡ್ರೈವರ್ ಅಂತ ತೋರಿಸುತ್ತಿದ್ದ. ಬಾಯಿ ತುಂಬ ನಗು.

“ಇವರು ಗಾಡಿ ಮಾರಲ್ಲವಂತೆ ಗುರುದೇವಮ್ಮ,” ಅಂದರು ಮೂರ್ತಿ, ಹಲ್ಲು ಕಿರಿಯುತ್ತಾ. “ಪ್ರತಿ ಭಾನುವಾರ ಅಲ್ಲಿರೋರನ್ನ ಒಂದು ರೌಂಡ್ ಕರ್ಕೊಂಡು ಹೋಗ್ತಾರೆ. ಡ್ರೈವರ್ ನಾನೇ. ಪುಕ್ಕಟೆ ಸೇವೆ! ಆದ್ರೆ ಅಲ್ಲಿ ಗಾಡಿಗೆ ಸೂರಿಲ್ಲ, ಮಳೇಲಿ ನಿಂತ್ರೆ ತುಕ್ಕು ಹಿಡಿಯುತ್ತೆ. ಅದಕ್ಕೇ ನಾನೇ ಹೇಳಿದೆ, ಕೆಂಟನ್ನಲ್ಲಿ ಒಂದು ಗ್ಯಾರೇಜ್ ಖಾಲಿ ಇದೆ ಅಂತ.”

“ಖಾಲಿ ಐತಿ ಅಂತ ಯಾರು ಹೇಳಿದ್ರು?”

ಹೆಲೆನ್ ನಮ್ಮ ಹಾಗೆಯೇ ಕೈ ಮುಗಿದಳು. ಮುದುಕ ಕಿಟಕಿಯಿಂದ ನನಗೆ ಸಲಾಮು ಹೊಡೆದ. ವಿಶಾಲಾಕ್ಷಿ ಗೇಟಿನಲ್ಲಿ ನಿಂತು ಉರಿಗೆ ತುಪ್ಪ ಸುರಿದಳು. “ಹಿಡಿ ಅಕ್ಕಿ ತಿರುಗಿ ತಗೋ ಅಂತ ನಿನಗ ಯಾರು ಹೇಳಿದ್ರವಾ?”

ನಾನೇ ಹೆಂಚು ಎತ್ತಿದೆ. ನಾನೇ ಒಲೆ ಎತ್ತಿದೆ. ಕೆಂಪವ್ವ ತವರಿಗೆ ಬಂದ ಮಗಳ ಹಾಗೆ ತನ್ನ ಜಾಗದಲ್ಲಿ ಕಾಲು ಚಾಚಿದಳು. ಬಂದವರನ್ನು ಹಸಿದು ಕಳಿಸಲಾದೀತೇ? ಎಲ್ಲರನ್ನೂ ಒಳಗೆ ಕೂರಿಸಿ, ಅಡುಗೆಮನೆಯಲ್ಲಿ ರೊಟ್ಟಿ ಬಡಿದೆ. ಅಲಾರಂ ಹಳೇ ದ್ವೇಷವನ್ನೆಲ್ಲ ಸೇರಿಸಿ ಕೂಗಿತು. ಟವೆಲ್ ಹುಡುಕಿದೆ. ಎಲ್ಲ ಟವೆಲ್ಲುಗಳನ್ನೂ ಮೂರ್ತಿ ಕೆಂಪವ್ವನ ಮೈ ಒರೆಸಲು ಗ್ಯಾರೇಜಿಗೆ ಒಯ್ದಿದ್ದರು.

ಮುದುಕ ಬೆಚ್ಚಿ, ಬೆಂಕಿಯೇ ಅಂತ ಕೇಳಿದ.

“ನೋ, ನೋ,” ಅಂದರು ಮೂರ್ತಿ, ತಾಟಿನ ಮುಂದೆ ಸರಿಯಾಗಿ ಕೂರುತ್ತಾ. “ಲಂಚ್ ಈಸ್ ರೆಡಿ.”